ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕಾರ್ ಚಾರ್ಜರ್ ತಗೊಳ್ಳೋರು ಇದನ್ನ ಓದಿ, ಆಮೇಲೆ ದುಡ್ಡು ಕೊಡಿ

ಅಂಗಡಿಯಿಂದ ಈಗಷ್ಟೇ ವಾಪಸ್ ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಹಾಗೆ ಇನ್ನೊಬ್ಬರು ಮೋಸ ಹೋಗಬಾರದು ಅಂತ ಬರೀತಿದ್ದೀನಿ.

ಕಳೆದ ವಾರ ಸಕಲೇಶಪುರದ ಹತ್ತಿರ ಸೋದರತ್ತೆ ಮಗಳ ಮದುವೆ. ರಾತ್ರಿ ಡ್ರೈವಿಂಗ್, ಮ್ಯಾಪ್ ಬೇಕೇ ಬೇಕು ಅಂತ ಹೊರಡೋ ದಿನ ಮಧ್ಯಾಹ್ನ ಎಸ್.ಪಿ. ರೋಡಿಗೆ ಹೋದೆ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 38 ವ್ಯಾಟ್. 650 ಅಂದವನು 450ಕ್ಕೆ ಇಳಿದ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಎಕ್ಸ್‌ಟ್ರಾ ಸಾರ್, ಕ್ಯಾಶ್ ಕೊಟ್ರೆ 400 ಮಾಡ್ಕೊಡ್ತೀನಿ" ಅಂದ. ಕೊಟ್ಟೆ. ಐವತ್ತು ರೂಪಾಯಿ ಆಸೆಗೆ ಬಿಲ್ಲೂ ಇಲ್ಲ, ಯುಪಿಐ ದಾಖಲೆಯೂ ಇಲ್ಲ.

ಟೆಸ್ಟ್ ಮಾಡಿ ತೋರಿಸಿದ, ನೋಡಿ, ಅಲ್ಲೇ ನಾನು ಬಿದ್ದಿದ್ದು. ಕೌಂಟರ್ ಮೇಲೆ 12 ವೋಲ್ಟ್ ಬ್ಯಾಟರಿಗೆ ಒಂದು ಸಾಕೆಟ್ ಕಟ್ಟಿಟ್ಟಿದ್ದಾನೆ. ಚುಚ್ಚಿದ, ನೀಲಿ ಲೈಟ್ ಬಂತು, ನನ್ನ ಫೋನಲ್ಲೂ ಚಾರ್ಜಿಂಗ್ ಗುರುತು ಬಂತು. "ಲೈಟ್ ನೋಡಿ ಸಾರ್, ಫಸ್ಟ್ ಕ್ಲಾಸ್ ಮಾಲು." ಆ ಗುರುತು 5 ವೋಲ್ಟ್, ಒಂದು ಆಂಪಿಯರ್, ಅಂದ್ರೆ ಬರೀ 5 ವ್ಯಾಟ್ ಬಂದ್ರೂ ಬರುತ್ತೆ. ನನಗೆ ಗೊತ್ತಿರೋ ವಿಷಯವೇ! ಆದ್ರೂ ಸ್ಕ್ರೀನಲ್ಲಿ ಫಾಸ್ಟ್ ಚಾರ್ಜಿಂಗ್ ಅಂತ ಬಂತಾ ಅಂತ ನೋಡಲಿಲ್ಲ. ಲೈಟ್ ನೋಡಿದೆ, ನಂಬಿದೆ.

ನೆಲಮಂಗಲ ದಾಟುವಾಗ 46 ಪರ್ಸೆಂಟ್. ಚಾರ್ಜರ್ ಹಾಕೇ ಇದೆ, ಚನ್ನರಾಯಪಟ್ಟಣಕ್ಕೆ ಬರೋ ಹೊತ್ತಿಗೆ 31. ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕೀಳೋಕೆ ಹೋದರೆ ಬೆರಳು ಚುರ್ ಅಂತು. ಸಾಕೆಟ್ಟೇ ಸತ್ತುಹೋಯ್ತು. ಹಾಸನ ದಾಟಿದ ಮೇಲೆ ಫೋನ್ ಆಫ್. ಹೆಂಡತಿ ಫೋನೂ ಅಷ್ಟೊತ್ತಿಗೆ ಆಫ್, ಹಿಂದಿನ ಸೀಟಲ್ಲಿ ಮಗು. ಊರ ಒಳದಾರಿ ಕೇಳೋಕೆ ರಸ್ತೇಲಿ ಒಬ್ಬರಿಲ್ಲ. ಮದುವೆ ಮನೆ ತಲುಪಿದಾಗ ರಾತ್ರಿ ಒಂದು ಗಂಟೆ. ಮೊದಲೇ ಹೋಗಿದ್ದ ಅಮ್ಮ ಫೋನ್ ಮಾಡಿ ಮಾಡಿ, ಅಂಗಳದಲ್ಲೇ ಕೂತು ಅಳ್ತಿದ್ರು.

ಬೆಳಿಗ್ಗೆ ಮೆಕ್ಯಾನಿಕ್ ನೋಡಿದ್ರೆ ಕಾರಿನ 15 ಆಂಪಿಯರ್ ಫ್ಯೂಸ್ ಹೋಗಿದೆ. ಚಾರ್ಜರ್ ತುದಿ ತಿರುಗಿಸಿ ಬಿಚ್ಚಿದ್ರು. ಗಾಜಿನ ಫ್ಯೂಸ್ ಇರಬೇಕಾದ ಜಾಗದಲ್ಲಿ ಒಂದು ತಂತಿ ತುಂಡು. "ಫ್ಯೂಸಿನ ಬದ್ಲು ತಂತಿ ಹಾಕವ್ರೆ ಸಾರ್, ಬೆಂಕಿ ಹತ್ತದೇ ಇದ್ದಿದ್ದು ಪುಣ್ಯ" ಅಂದ್ರು. ಮಗು ಇತ್ತು ಕಾರಲ್ಲಿ!

ಇವತ್ತು ಅದನ್ನೇ ತಗೊಂಡು ಹೋದೆ. ಮೊದಲು "ನಮ್ ಅಂಗಡೀದಲ್ಲ ಸಾರ್" ಅಂದ. ಡಬ್ಬಿ ತೋರಿಸಿದೆ, ಅದೇ ಡಬ್ಬಿಗಳು ಅವನ ಹಿಂದೆ ಪೇರಿಸಿವೆ. ಆಗ "ನಿಮ್ ಕೇಬಲ್ ಸರಿ ಇಲ್ಲ". ಆಮೇಲೆ "ನಿಮ್ ಗಾಡಿ ವೈರಿಂಗ್ ಪ್ರಾಬ್ಲಮ್". ಕೊನೆಗೆ "ಇದಕ್ಕೆಲ್ಲ ಚೆಕಿಂಗ್ ವಾರಂಟಿ ಅಷ್ಟೇ, ನಿಮ್ ಮುಂದೇನೇ ಲೈಟ್ ಬಂತಲ್ಲ?" ಫ್ಯೂಸ್ ಎಲ್ರೀ ಅಂದ್ರೆ "400 ರೂಪಾಯಿಗೆ ಇನ್ನೇನ್ ಬರುತ್ತೆ ಸಾರ್". ಅಕ್ಕಪಕ್ಕದವರೆಲ್ಲ ನನ್ನನ್ನೇ ನೋಡ್ತಿದ್ರು, ಮೋಸ ಮಾಡಿದವನು ನಾನೇ ಅನ್ನೋ ಹಾಗೆ.

2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರೋದೂ ತಪ್ಪು, ದೋಷ ಇರೋ ಮಾಲನ್ನ ವಾಪಸ್ ತಗೊಳ್ಳದೇ ಇರೋದೂ ತಪ್ಪು. ಬಿಲ್ಲಲ್ಲಿ ಅವಧಿ ಬರೆದಿಲ್ಲ ಅಂದ್ರೆ 30 ದಿನ ಟೈಮ್ ಇದೆ. ಅದನ್ನೂ ಹೇಳಿದೆ. "ಬಿಲ್ ತನ್ನಿ" ಅಂದ. ಬಿಲ್ ಕೊಡದೇ ಇದ್ದವನು ಅವನೇ! ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡ್ತೀನಿ, ಆದರೆ ಅಲ್ಲೇ ಕೊಂಡಿದ್ದು ಅಂತ ತೋರಿಸೋಕೆ ಕೈಯಲ್ಲಿ ಏನಿದೆ?

ದಯವಿಟ್ಟು ಬಿಲ್ ತಗೊಳ್ಳಿ, 18 ಪರ್ಸೆಂಟ್ ಹೋದರೆ ಹೋಗಲಿ. ತುದಿ ಬಿಚ್ಚಿಸಿ ಫ್ಯೂಸ್ ನೋಡಿ. 38 ವ್ಯಾಟ್ ಅಂತ ಬರೆದಿದ್ದರೆ ಯಾವ ಪೋರ್ಟಿಗೆ ಎಷ್ಟು ಅಂತ ಕೇಳಿ. ಒಳ್ಳೇ ಮಾಲಲ್ಲೂ ಸಾಮಾನ್ಯವಾಗಿ ಒಂದಕ್ಕೆ 20, ಇನ್ನೊಂದಕ್ಕೆ 18 ಕೂಡಿಸಿ ಬರೆದಿರ್ತಾರೆ. ಲೈಟ್ ನಂಬಬೇಡಿ.

ನಾನು ಅಲ್ಲೇ ಜಗಳ ಆಡ್ತಿರೋವಾಗ ಒಬ್ಬ ಹುಡುಗ ಬಂದು ಕಾರ್ ಚಾರ್ಜರ್ ಕೇಳಿದ. ಅಂಗಡಿಯವನು ಅದೇ ಡಬ್ಬಿ ತೆಗೆದ, ಅದೇ ಬ್ಯಾಟರಿಗೆ ಚುಚ್ಚಿದ. ಬೇಡಪ್ಪ, ನನ್ನದು ಸುಟ್ಟುಹೋಗಿದೆ ನೋಡು ಅಂತ ತೋರಿಸಿದೆ. ಹುಡುಗ ನನ್ನ ಮುಖ ನೋಡಿದ, ಆ ನೀಲಿ ಲೈಟ್ ನೋಡಿದ, 400 ಎಣಿಸಿಕೊಟ್ಟು ಹೋದ.