ಮೊದಲ ಒಳ್ಳೆ ಹೆಡ್‌ಫೋನ್‌ಗೆ ಆಂಪ್ ಬೇಕಾ? ಸೆನ್‌ಹೈಸರ್ ಎಚ್‌ಡಿ 560ಎಸ್, ಡೊಂಬಿವಲಿಯಿಂದ

ಮೊದಲೇ ಹೇಳಿಬಿಡುತ್ತೇನೆ, ಎಚ್‌ಡಿ 560ಎಸ್‌ಗೆ ಬೇರೆ ಆಂಪ್ಲಿಫೈಯರ್ ಬೇಕಾಗಿಲ್ಲ. ಫೋನಿನ ಚಾರ್ಜಿಂಗ್ ತೂತಿಗೆ ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಳ್ಳುವ ಒಂದು ಚಿಕ್ಕ ಡಾಂಗಲ್ ಸಾಕು. ಇದನ್ನು ತೆಗೆದುಕೊಂಡು ಕೆಲವು ಮಳೆಗಾಲ ದಾಟಿದೆ, ದಿನಾ ರಾತ್ರಿ ಊಟ ಆದ ಮೇಲೆ ಕೇಳುತ್ತೇನೆ, ಭಾನುವಾರ ಜಾಸ್ತಿ. ಗೊತ್ತಿರುವವರು ಯಾರಾದರೂ "ಮೊದಲ ಸಲ ಒಳ್ಳೆ ಹೆಡ್‌ಫೋನ್ ತಗೋಬೇಕು" ಅಂದ ಕೂಡಲೇ ಎರಡನೇ ಪ್ರಶ್ನೆ ಆಂಪ್ ಬಗ್ಗೆಯೇ ಇರುತ್ತದೆ. ಹೆಡ್‌ಫೋನ್ ಯಾವುದು ಅಂತ ಇನ್ನೂ ತೀರ್ಮಾನ ಆಗಿರುವುದಿಲ್ಲ, ಆಂಪ್‌ಗೆ ದುಡ್ಡು ಎತ್ತಿಟ್ಟಿರುತ್ತಾರೆ.

ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು, ಎಲ್ಲಿ ಕೂತು ಕೇಳುತ್ತೀರಿ ಅನ್ನೋದು. 560ಎಸ್ ಓಪನ್ ಬ್ಯಾಕ್. ಕಿವಿಯ ಹೊರಬದಿ ಜಾಲರಿ ಇರುತ್ತದೆ, ಒಳಗಿನ ಸದ್ದು ಹೊರಗೆ, ಹೊರಗಿನ ಸದ್ದು ಒಳಗೆ ಆರಾಮಾಗಿ ಓಡಾಡುತ್ತದೆ. ಇಂಥ ಓಪನ್ ಹೆಡ್‌ಫೋನನ್ನು ಸೆನ್‌ಹೈಸರ್ 1968ರಲ್ಲೇ ಎಚ್‌ಡಿ 414 ಅಂತ ಮಾರುಕಟ್ಟೆಗೆ ತಂದಿತ್ತು, ಹೊಸ ವಿಷಯ ಏನಲ್ಲ. ಲಾಭ ಏನಂದರೆ ಹಾಡು ತಲೆಯೊಳಗೆ ಅಮುಕಿಕೊಂಡು ಕೂರುವುದಿಲ್ಲ, ಸುತ್ತ ಸ್ವಲ್ಪ ಗಾಳಿ ಆಡುತ್ತದೆ. ನಷ್ಟ ಏನಂದರೆ ಡೊಂಬಿವಲಿಯಿಂದ ಮುಂಬೈ ಸಿಎಸ್‌ಎಂಟಿವರೆಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ಇದು ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ. ಪಕ್ಕದವರಿಗೆ ನಿಮ್ಮ ಹಾಡು ಕೇಳುತ್ತದೆ, ನಿಮಗೆ ಪಕ್ಕದವರ ಫೋನ್ ಜಗಳ ಕೇಳುತ್ತದೆ. ಮನೆಯಲ್ಲೂ ಫ್ಯಾನ್ ಐದರಲ್ಲಿ ಇದ್ದರೆ ಅದರ ಗುಂಯ್ ಒಳಗೆ ಬಂದೇ ಬರುತ್ತದೆ. ಆದ್ದರಿಂದ ರೈಲಿಗೋ ಆಫೀಸಿಗೋ ಬೇಕು ಅಂದರೆ ಇದನ್ನು ಬಿಟ್ಟುಬಿಡಿ, ಕ್ಲೋಸ್ಡ್ ಬ್ಯಾಕ್ ನೋಡಿ. ಆಡಿಯೋ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಇದೆ, 38 ಓಮ್ (ಓಮ್ ಅಂದರೆ ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ), ಹೆಡ್‌ಫೋನ್ ಜ್ಯಾಕ್ ಇರುವ ಯಾವ ಫೋನಿಗೆ ಹಾಕಿದರೂ ಕಿವಿ ತುಂಬುತ್ತದೆ. ನನ್ನ ಪೇಚು ಬೇರೆ, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಾಲ್‌ನಲ್ಲಿ ಕೂತು ಕೇಳೋದು. ಅದಕ್ಕೆ ಓಪನ್ ಸರಿ.

ತೆಗೆದುಕೊಳ್ಳುವ ಮುಂಚೆ ಲ್ಯಾಮಿಂಗ್ಟನ್ ರೋಡಿಗೆ ಒಂದು ಸುತ್ತು ಹಾಕಿದ್ದೆ. ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆದರೆ ಸಿಗುವ ಎಲೆಕ್ಟ್ರಾನಿಕ್ಸ್ ಬೀದಿ, ಮುಂಬೈಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಅಂಗಡಿಯವನೊಬ್ಬ ಹೆಡ್‌ಫೋನ್ ಹೆಸರು ಕೇಳಿದ್ದೇ ತಡ, ಒಳಗಿಂದ ಅಲ್ಯೂಮಿನಿಯಂ ಡಬ್ಬಿಯಂಥ ಆಂಪೊಂದನ್ನು ತಂದಿಟ್ಟ. "ಇಸ್ಕೆ ಬಿನಾ ಮಜಾ ನಹೀ ಆಯೇಗಾ ಸಾಬ್, 120 ಓಮ್ ಹೈ." ಇದಿಲ್ಲದೆ ಮಜಾ ಬರಲ್ಲ, 120 ಓಮ್ ಇದೆ ಅಂತ. ಅಲ್ಲೇ ಹಾಕಿ ತೋರಿಸಿದ ಕೂಡ. ಡಬ್ಬಿಯಿಂದ ನಿಜಕ್ಕೂ ಚೆನ್ನಾಗಿ ಕೇಳಿಸಿತು. ಯಾಕೆಂದರೆ ಅದರ ಸದ್ದು ಫೋನಿನದಕ್ಕಿಂತ ಜೋರಾಗಿತ್ತು, ಅಷ್ಟೇ. ನಮ್ಮ ಕಿವಿಗೆ ಸ್ವಲ್ಪ ಜೋರಾಗಿದ್ದದ್ದು ಯಾವಾಗಲೂ "ಚೆನ್ನಾಗಿದೆ" ಅನಿಸುತ್ತದೆ. ಬಾಸ್ ತುಂಬಿದ ಹಾಗೆ, ಧ್ವನಿ ಬಿಡಿಸಿಕೊಂಡ ಹಾಗೆ. ಒಂದೆರಡು ಡೆಸಿಬಲ್ ವ್ಯತ್ಯಾಸ ಸಾಕು, ಜೋರು ಅಂತ ಗೊತ್ತೇ ಆಗುವುದಿಲ್ಲ, ಚೆನ್ನಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಆಂಪ್ ಮಾರುವವರ ಅರ್ಧ ವ್ಯಾಪಾರ ಇದರ ಮೇಲೆ ನಡೆಯುತ್ತದೆ ಅಂತ ನನ್ನ ಗುಮಾನಿ.

ಓಮ್ ಒಂದನ್ನೇ ನೋಡಿ ಆಂಪ್ ಬೇಕೋ ಬೇಡವೋ ಹೇಳೋಕಾಗುವುದಿಲ್ಲ. ಜೊತೆಗೆ ಸೆನ್ಸಿಟಿವಿಟಿ ನೋಡಬೇಕು, ಅಂದರೆ ಇಷ್ಟು ವೋಲ್ಟ್ ಕೊಟ್ಟರೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನೋ ಅಂಕಿ. 560ಎಸ್‌ಗೆ ಕಂಪನಿ ಹೇಳುವ ಪ್ರಕಾರ 1 ವೋಲ್ಟಿಗೆ 110 ಡೆಸಿಬಲ್. ವೋಲ್ಟೇಜ್ ಅರ್ಧಕ್ಕೆ ಇಳಿದರೆ 6 ಡೆಸಿಬಲ್ ಇಳಿಯುತ್ತದೆ, ಹತ್ತರಲ್ಲೊಂದು ಭಾಗಕ್ಕೆ ಇಳಿದರೆ 20. ಅಲ್ಲಿಗೆ 0.1 ವೋಲ್ಟ್ ಕೊಟ್ಟರೂ 90 ಡೆಸಿಬಲ್ ಬರುತ್ತದೆ. ರಾತ್ರಿ ಹೊತ್ತು ಆರಾಮಾಗಿ ಕೇಳುವವರ ಸರಾಸರಿ 70ರ ಆಸುಪಾಸು ಇರುತ್ತದೆ, ತಬಲಾ ಪೆಟ್ಟು ಬಿದ್ದಾಗ, ಚೆಂಡೆ ಹೊಡೆದಾಗ ಅದು ಇನ್ನೊಂದು 15–20 ಮೇಲೆ ಹಾರುತ್ತದೆ. ಲೆಕ್ಕ ಹಾಕಿ ನೋಡಿ, ನಿಮಗೆ ಬೇಕಾಗಿರುವುದು ಒಂದು ವೋಲ್ಟಿನ ಚಿಕ್ಕ ತುಣುಕು. ಆಪಲ್‌ನ ಯುಎಸ್‌ಬಿ-ಸಿ ಡಾಂಗಲ್ ಜಾಸ್ತಿ ಅಂದರೆ 1 ವೋಲ್ಟ್ ಕೊಡುತ್ತದೆ (ಯುರೋಪಿನಲ್ಲಿ ಮಾರುವುದು ಅದರ ಅರ್ಧ). 120 ಓಮ್‌ಗೆ 1 ವೋಲ್ಟ್ ಅಂದರೆ ಸುಮಾರು 8 ಮಿಲಿವಾಟ್. ಅಂಗಡಿಯವನ ಡಬ್ಬಿ ಮೇಲೆ 1000 ಮಿಲಿವಾಟ್ ಅಂತ ಬರೆದಿತ್ತು. ಎರಡು ತೆಂಗಿನಕಾಯಿ ತರೋಕೆ ಟೆಂಪೋ ಮಾಡಿದ ಹಾಗೆ.

ಒಂದು ಎಚ್ಚರಿಕೆ: ಆ ಆಪಲ್ ಡಾಂಗಲ್ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಪೂರ್ತಿ ವಾಲ್ಯೂಮ್ ಕೊಡುವುದಿಲ್ಲ, ಸುಮ್ನೆ ಮೆಲ್ಲಗೆ ಹಾಡುತ್ತದೆ. ಅದನ್ನು ಕೇಳಿ "ನೋಡಿ, ಆಂಪ್ ಬೇಕು ಅಂದಿರಲಿಲ್ವಾ" ಅನ್ನುವವರಿದ್ದಾರೆ. ಬೇರೆ ಡಾಂಗಲ್ ಹಾಕಿ ನೋಡಿ, ಇಲ್ಲವೇ ಲ್ಯಾಪ್‌ಟಾಪಿಗೆ ಹಾಕಿ ನೋಡಿ, ಆಮೇಲೆ ಮಾತು.

ಇಷ್ಟು ಲೆಕ್ಕ ಇಟ್ಟುಕೊಂಡರೂ ಒಂದು ಸಲ ಆಂಪ್ ಹಾಕಿ ಕೇಳಬೇಕು ಅಂತ ಆಸೆ ಇತ್ತು. ಪುಣೆಯ ಕೊಥ್ರೂಡ್‌ನಲ್ಲಿ ಒಬ್ಬ ಗೆಳೆಯ ಇದ್ದಾನೆ, ಧಾರವಾಡದವನು, ಸವಾಯಿ ಗಂಧರ್ವ ಸಂಗೀತ ಉತ್ಸವ ಒಂದು ವರ್ಷವೂ ತಪ್ಪಿಸುವುದಿಲ್ಲ. ಅವನು ತನ್ನ ಟೇಬಲ್ ಆಂಪನ್ನು ಕೈಗೆ ಕೊಟ್ಟು, "ಮೊದ್ಲ ಕೇಳಿ ನೋಡಲೇ, ಆಮ್ಯಾಲೆ ಲೆಕ್ಕಾ ಹೇಳು" ಅಂದ. ತಂದು ತಿಂಗಳುಗಟ್ಟಲೆ ಇಟ್ಟುಕೊಂಡೆ. ಪರೀಕ್ಷೆ ಮಾಡಿದ್ದು ಹೀಗೆ: ಒಂದನ್ನು ಎರಡು ಮಾಡುವ ಸ್ಪ್ಲಿಟರ್ ತೆಗೆದುಕೊಂಡು ಒಂದು ತೂತಿಗೆ ಹೆಡ್‌ಫೋನ್, ಇನ್ನೊಂದಕ್ಕೆ ಹಳೇ ಇಯರ್‌ಫೋನಿನ ಕತ್ತರಿಸಿದ ವೈರ್. ಅದರ ತುದಿಗೆ ಮಲ್ಟಿಮೀಟರ್ ಹಿಡಿದೆ. ಫೋನಿನಲ್ಲಿ 50 ಹರ್ಟ್ಸ್ ಸ್ವರ ಹಾಕಿದೆ, ಯಾಕೆಂದರೆ ಕಮ್ಮಿ ಬೆಲೆಯ ಮಲ್ಟಿಮೀಟರ್ ಮನೆಯ ಕರೆಂಟ್ ಅಳೆಯೋಕೆ ಮಾಡಿದ್ದು, 50ರ ಹತ್ತಿರ ಮಾತ್ರ ನಂಬಿಕೆಯ ಅಂಕಿ ತೋರಿಸುತ್ತದೆ. ಮೊದಲು ಡಾಂಗಲ್‌ನಿಂದ ಎಷ್ಟು ಮಿಲಿವೋಲ್ಟ್ ಬಂತು ನೋಡಿಕೊಂಡು, ಆಂಪ್‌ನ ಗುಂಡಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತಿರುಗಿಸಿ ಅದೇ ಅಂಕಿಗೆ ತಂದೆ. ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಗುಂಡಿ ಮುಟ್ಟಿದರೆ ಸಾಕು ಅಂಕಿ ಜಿಗಿಯುತ್ತಿತ್ತು. ಆಮೇಲೆ ನಾನು ಕಣ್ಣು ಮುಚ್ಚಿ ಕೂತೆ, ಅಕ್ಕನ ಮಗ ಪ್ಲಗ್ ಬದಲಾಯಿಸುತ್ತಾ ಹೋದ. ತಂಬೂರಿ, ಪಿಟೀಲು, ಭಾಗವತಿಕೆ, ಹಳೇ ಸಿನಿಮಾ ಹಾಡು ಎಲ್ಲ ಆಯಿತು. ನನ್ನ ಉತ್ತರಗಳು ನಾಣ್ಯ ಚಿಮ್ಮಿದಷ್ಟೇ ಸರಿ ಇದ್ದವು. ಅವನಿಗೂ ಹಾಕಿ ಕೇಳಿಸಿದೆ, ಎಳೆ ಕಿವಿ ಅಲ್ವಾ, ಗೊತ್ತಾಗಬಹುದು ಅಂತ. "ಮಾವಾ, ಎರಡೂ ಒಂದೇ, ನಾನು ಆಡೋಕೆ ಹೋಗ್ಲಾ" ಅಂದ.

ಆಂಪ್‌ನಿಂದ ಬಂದ ಒಂದೇ ಹೊಸ ವಿಷಯ ಗುಂಯ್ ಸದ್ದು. ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ, ಅದೇ ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಆಂಪ್ ಜೋಡಿಸಿದರೆ ಹಿಂದೆ ಸಣ್ಣಗೆ ಕರೆಂಟಿನ ಗುಂಯ್. ಚಾರ್ಜರ್ ಕಿತ್ತರೆ ಮಾಯ. ಎರಡು ಕಡೆಯಿಂದ ಕರೆಂಟ್ ತೆಗೆದುಕೊಳ್ಳುವ ಪೆಟ್ಟಿಗೆಗಳ ನೆಲ-ತಂತಿ ಸುತ್ತಿಕೊಂಡಾಗ ಹೀಗಾಗುತ್ತದೆ, ಗ್ರೌಂಡ್ ಲೂಪ್ ಅನ್ನುತ್ತಾರೆ. ಫೋನಿಗೆ ಸಿಕ್ಕಿಸಿದ ಡಾಂಗಲ್‌ಗೆ ಈ ಕಾಟ ಇಲ್ಲ. ಹಾಂ, ಒಂದು ಸುಖ ಇತ್ತು, ಕೈಗೆ ಸಿಗುವ ದೊಡ್ಡ ವಾಲ್ಯೂಮ್ ಗುಂಡಿ. ಅದಕ್ಕಾಗಿಯೇ ಆಂಪ್ ತಗೊಂಡೆ ಅನ್ನುವವರ ಜೊತೆ ನನ್ನ ತಕರಾರಿಲ್ಲ.

ಆದರೆ ಗೆಳೆಯನ ಮನೆಯಲ್ಲಿ ಅದೇ ಆಂಪ್ ದುಡಿಯುತ್ತದೆ, ಅದನ್ನೂ ಹೇಳಬೇಕು. ಅವನ ಹತ್ತಿರ ಇರೋದು ಎಚ್‌ಡಿ 600, 1997ರಿಂದ ಬರುತ್ತಿರುವ ಮಾಡೆಲ್, 300 ಓಮ್. ಅಷ್ಟೇ ವೋಲ್ಟೇಜಿಗೆ ನನ್ನ 560ಎಸ್‌ಗಿಂತ ಸಾಕಷ್ಟು ಮೆಲ್ಲಗೆ ಹಾಡುತ್ತದೆ. ಅವನು ಕೇಳೋದು ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್, ಕೆಲವು ಸಂಗೀತ ಕಛೇರಿಯಲ್ಲಿ ಯಾರೋ ಹಿಡಿದಿಟ್ಟಿದ್ದು. ಅವುಗಳ ಸದ್ದಿನ ಮಟ್ಟವೇ ಕಮ್ಮಿ. ಮಂದ್ರದಲ್ಲಿ ಆಲಾಪ ಶುರುವಾದರೆ ಫೋನಿನ ವಾಲ್ಯೂಮ್ ತುದಿಗೆ ಹೋಗಿ ಮುಟ್ಟಿರುತ್ತದೆ, ಇನ್ನೂ ಸ್ವಲ್ಪ ಬೇಕು ಅನಿಸುತ್ತದೆ, ಮೇಲೆ ಜಾಗ ಇಲ್ಲ. ಅಲ್ಲಿ ಆಂಪ್ ಬೇಕೇ ಬೇಕು. ಇನ್ನೊಂದು ಜಾತಿ ಪ್ಲೇನರ್ ಹೆಡ್‌ಫೋನ್, ತೆಳು ಚಪ್ಪಟೆ ಹಾಳೆ ಕಂಪಿಸಿ ಸದ್ದು ಕೊಡುವಂಥದ್ದು. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಬರೀ 25 ಓಮ್, ಆದರೆ ಸೆನ್ಸಿಟಿವಿಟಿ 91 ಡೆಸಿಬಲ್ ಅಂತ ಕೊಟ್ಟಿದ್ದಾರೆ. ಓಮ್ ಕಮ್ಮಿ, ಫೋನಿಗೆ ಸಲೀಸು ಅಂತ ತಂದವರು ವಾಲ್ಯೂಮ್ ಏರಿಸಿ ಏರಿಸಿ ಸಾಕಾಗುತ್ತಾರೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತಗೊಳ್ಳುವವರು ಡಬ್ಬಿ ಮೇಲಿನ ಅಂಕಿ ಓದಿ. 32, 80, 250 ಓಮ್ ಅಂತ ಬೇರೆ ಬೇರೆ ಬರುತ್ತವೆ, ನೋಡೋಕೆ ಹೆಚ್ಚುಕಮ್ಮಿ ಒಂದೇ. ಫೋನಿಗೆ ಅಂತಾದರೆ 250 ಬೇಡ.

ಮನೆಯಲ್ಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇದೆ, ಅದರ ಹೆಡ್‌ಫೋನ್ ಜ್ಯಾಕ್ ಬಳಸಬಹುದಾ ಅಂತಲೂ ಕೇಳುತ್ತಾರೆ. ಬಳಸಬಹುದು, ಆದರೆ ಅಂಥವುಗಳಲ್ಲಿ ಸಾಮಾನ್ಯವಾಗಿ ಜ್ಯಾಕಿನ ಹಿಂದೆ ನೂರಾರು ಓಮ್‌ನ ರೆಸಿಸ್ಟರ್ ಇರುತ್ತದೆ. 300 ಓಮ್‌ನ ಹೆಡ್‌ಫೋನ್ ಅದನ್ನು ತಡೆದುಕೊಳ್ಳುತ್ತದೆ, 32 ಓಮ್‌ನದು ಬಾಸ್ ಊದಿಸಿಕೊಂಡು ಬೇರೆಯದೇ ಥರ ಹಾಡುತ್ತದೆ. ಹೆಡ್‌ಫೋನಿನ ಓಮ್, ಜ್ಯಾಕಿನ ಓಮ್‌ಗಿಂತ ಎಂಟು ಪಟ್ಟಾದರೂ ಜಾಸ್ತಿ ಇರಲಿ ಅನ್ನೋದು ಚಾಲ್ತಿಯಲ್ಲಿರುವ ಲೆಕ್ಕ.

ಇನ್ನು ಸದ್ದಿನ ಮಾತು. 560ಎಸ್ ನೇರ ಮಾತಿನ ಹೆಡ್‌ಫೋನ್. ಕೆಳಗಿನ ಬಾಸ್ ಬೇರೆ ಓಪನ್ ಬ್ಯಾಕ್‌ಗಳಿಗೆ ಹೋಲಿಸಿದರೆ ಚೆನ್ನಾಗಿ ಇಳಿಯುತ್ತದೆ, ಆದರೆ ಎದೆ ಗುದ್ದುವುದಿಲ್ಲ. ಮದ್ದಳೆಯ ಎರಡು ಬದಿ ಬೇರೆ ಬೇರೆಯಾಗಿ ಕೇಳುತ್ತವೆ, ತಂಬೂರಿಯ ಜವಾರಿ (ಆ ಜುಂಯ್ ಅನ್ನುವ ನಾದ) ತಂತಿ ತಂತಿಯಾಗಿ ಬಿಡಿಸಿಕೊಳ್ಳುತ್ತದೆ. ತಂಬೂರಿ ಹಾಕಿ ಕೇಳೋದೇ ನನಗೆ ಹೆಡ್‌ಫೋನ್ ಪರೀಕ್ಷೆ. ಜುಂಯ್ ಅನ್ನೋದು ಒಂದೇ ಮುದ್ದೆಯಾಗಿ ಕೇಳಿದರೆ ಆ ಹೆಡ್‌ಫೋನ್ ನನಗಲ್ಲ. ಮೇಲಿನ ಸ್ವರಗಳು ಇದರಲ್ಲಿ ಸ್ವಲ್ಪ ಚುರುಕು. ಹಳೇ ಸಿನಿಮಾ ಹಾಡುಗಳಲ್ಲಿ ಗಾಯಕಿಯ ಸ, ಶ ಚುಚ್ಚುತ್ತವೆ. ಇದಕ್ಕೆ ಔಷಧ ಆಂಪ್ ಅಲ್ಲ, ಈಕ್ವಲೈಜರ್, ಅಂದರೆ ಬಾಸ್, ಮೇಲಿನ ಸ್ವರ ಅಂತ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಬಿಟ್ಟಿ ಸಿಗುತ್ತದೆ, ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್. 4ರಿಂದ 5 ಕಿಲೋಹರ್ಟ್ಸ್ ಸುತ್ತ ಒಂದೆರಡು ಡೆಸಿಬಲ್ ಇಳಿಸಿ, ಕೆಳಗೆ ಬಾಸ್ ಸ್ವಲ್ಪ ಏರಿಸಿದೆ. ಈ ಬದಲಾವಣೆಯನ್ನು ಕಣ್ಣು ಮುಚ್ಚಿ ಕೂತರೂ ಪ್ರತಿ ಸಲ ಗುರುತಿಸಬಲ್ಲೆ. ಬಿಟ್ಟಿ ಸಿಗುವ ಸಾಫ್ಟ್‌ವೇರ್ ಇಷ್ಟು ಮಾಡುವಾಗ ಏನೂ ಬದಲಾಯಿಸದ ಪೆಟ್ಟಿಗೆಗೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು ಹೇಳಿ.

ವಾಲ್ಯೂಮ್ ಬಗ್ಗೆ ಒಂದು ಮಾತು. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಕೆಲಸದ ಜಾಗಕ್ಕೆ ಸೂಚಿಸಿರುವ ಮಿತಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ ಆಗುತ್ತದೆ, 88ಕ್ಕೆ 4 ಗಂಟೆ, 91ಕ್ಕೆ 2. ಆಂಪ್ ತಂದವರು ಆಂಪ್‌ನ ಶಕ್ತಿ ನೋಡೋಕೆ ಅಂತಲೇ ಗುಂಡಿ ತಿರುಗಿಸುತ್ತಾರೆ, ಅದು ನನಗೆ ಹೆದರಿಕೆ. ಲೋಕಲ್‌ನ ಗದ್ದಲವನ್ನು ಮೀರಿಸೋಕೆ ಇಯರ್‌ಫೋನ್ ಪೂರ್ತಿ ಏರಿಸುವ ಹುಡುಗರದ್ದೂ ಅದೇ ಕಥೆ.

ತಲೆ ಮೇಲೆ ಇದು ಇದ್ದದ್ದೇ ಮರೆತುಹೋಗುತ್ತದೆ, ಕೇಬಲ್ ಬಿಟ್ಟು 240 ಗ್ರಾಂ. ನನ್ನದು ದಪ್ಪ ಫ್ರೇಮಿನ ಕನ್ನಡಕ, ಆದರೂ ಕಿವಿ ಹಿಂದೆ ನೋಯುವುದಿಲ್ಲ. ಪ್ಯಾಡ್ ಮಖಮಲ್ ಥರದ್ದು. ಮುಂಬೈಗೆ ಇದೇ ಸರಿ ಅಂತ ನನ್ನ ತೀರ್ಮಾನ. ಮುಂಚೆ ಇದ್ದ ಬೇರೆ ಹೆಡ್‌ಫೋನಿಗೆ ಚರ್ಮದ ಥರದ ಪ್ಯಾಡ್ ಇತ್ತು, ಕಂಪನಿ ಯಾವುದಾದರೂ ಇರಲಿ. ಜುಲೈ ಬಂದರೆ ಸಿಪ್ಪೆ ಏಳುತ್ತಿತ್ತು. ಕಿವಿ ಮೇಲೆ, ಬನಿಯನ್ ಕಾಲರ್ ಮೇಲೆ ಕಪ್ಪು ಚೂರು. ಹೆಂಡತಿ ಮೊದಲು ತಲೆಹೊಟ್ಟು ಅಂದುಕೊಂಡಳು, ಆಮೇಲೆ ಕಪ್ಪು ತಲೆಹೊಟ್ಟು ಇರುವುದಿಲ್ಲವಲ್ಲ ಅಂತ ನಕ್ಕಳು. ಆ ನಕಲಿ ಚರ್ಮ ಪಾಲಿಯುರೆಥೇನ್, ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ. ಬಳಸದೆ ಕಪಾಟಿನಲ್ಲಿಟ್ಟರೂ ಬಿಡುವುದಿಲ್ಲ. ಮಖಮಲ್ ಪ್ಯಾಡ್ ಬೆವರು ಕುಡಿಯುತ್ತದೆ, ನಿಜ, ಆದರೆ ಕಿತ್ತು ಸೋಪಿನ ನೀರಲ್ಲಿ ಹಗುರಾಗಿ ಹಿಸುಕಿ ನೆರಳಲ್ಲಿ ಒಣಗಿಸಿದರೆ ಆಯಿತು. ಮಳೆಗಾಲದಲ್ಲಿ ಪೂರ್ತಿ ಒಣಗೋಕೆ ಎರಡು ದಿನ ಕೊಡಿ.

ಜೊತೆಗೆ ಬರುವ ಕೇಬಲ್ 3 ಮೀಟರ್, ತುದಿಗೆ 6.3 ಮಿಲಿಮೀಟರ್‌ನ ದಪ್ಪ ಪ್ಲಗ್, ಚಿಕ್ಕದು ಬೇಕಾದರೆ ಅಡಾಪ್ಟರ್ ಕೊಟ್ಟಿದ್ದಾರೆ. ಫೋನಿಗೆ ಡಾಂಗಲ್, ಡಾಂಗಲ್‌ಗೆ ಅಡಾಪ್ಟರ್, ಅಡಾಪ್ಟರ್‌ಗೆ ಈ ಹಗ್ಗ ಅಂತ ಜೋತುಬಿದ್ದರೆ ಫೋನಿನ ಚಾರ್ಜಿಂಗ್ ತೂತಿಗೇ ಪೆಟ್ಟು. ನಾನು ಚಿಕ್ಕ ಕೇಬಲ್ ಬೇರೆ ತಗೊಂಡೆ. ಕಪ್‌ನೊಳಗೆ ಹೋಗುವ ತುದಿ 2.5 ಮಿಲಿಮೀಟರ್, ತಿರುಗಿಸಿ ಲಾಕ್ ಮಾಡುವ ಥರದ್ದು. ಎಲ್ಲ 2.5 ಕೇಬಲ್‌ಗಳೂ ಅದರಲ್ಲಿ ಕೂರುವುದಿಲ್ಲ, ಮಾಡೆಲ್ ಹೆಸರು ಹೇಳಿಯೇ ಕೇಳಿ. ಆಂಪ್ ವಾಪಸ್ ಪುಣೆಗೆ ಹೋದ ಮೇಲೆ ಈ ಕೇಬಲ್ ಬಿಟ್ಟರೆ ಖರ್ಚಾಗಿದ್ದು ಹೊಸ ಜೊತೆ ಪ್ಯಾಡ್‌ಗೆ ಮಾತ್ರ. ಪ್ಯಾಡ್ ಚಪ್ಪಟೆಯಾದರೆ ಕಿವಿ ಡ್ರೈವರ್‌ಗೆ (ಸದ್ದು ಹೊರಡಿಸುವ ಭಾಗಕ್ಕೆ) ಹತ್ತಿರ ಬರುತ್ತದೆ, ಸದ್ದಿನ ಬಣ್ಣ ಮೆಲ್ಲಗೆ ಬದಲಾಗುತ್ತದೆ, ದಿನಾ ಕೇಳುವವರಿಗೆ ಅದು ಗೊತ್ತಾಗುವುದೇ ಇಲ್ಲ. ಹೊಸದು ಹಾಕಿದ ದಿನ ತಂಬೂರಿ ಹಾಕಿ ನೋಡಿ.