ಎಂಟನೇ ತರಗತಿ ಅಡ್ಮಿಷನ್: ಶಾಲೆಗೆ ನಾಲ್ಕೂವರೆ, ಗಡಿ ಎಳೆಯುವ ಮಾತಿಗೆ ಒಂದು

ಹುಬ್ಬಳ್ಳಿಯಲ್ಲಿ ಮಕ್ಕಳನ್ನು ಸರ್ಕಾರಿ ಹೈಸ್ಕೂಲಿಗೆ ಹಾಕಬೇಕು ಅಂತ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹಾಕುವುದಿಲ್ಲ. ಅಲ್ಲಿನ ಮಾಸ್ತರರ ಮೇಲೆ ನನಗೆ ಗೌರವ ಇದೆ, ಮಗಳು ಇನ್ನೂ ಮೂರು ವರ್ಷ ಅಲ್ಲೇ ಓದಬೇಕು.

ಮೊದಲು ಶಾಲೆಯ ವಿಷಯ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಣ್ಣು ಮುಚ್ಚಿ. ಗಣಿತದ ಸರ್ ಶಾಲೆ ಬಿಟ್ಟ ಮೇಲೂ ಕೂತು ಲೆಕ್ಕ ಬಿಡಿಸಿಕೊಡುತ್ತಾರೆ, ಅದಕ್ಕೆ ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಲ್ಯಾಬಿಗೆ ಬೀಗ ಇಲ್ಲ, ಮಕ್ಕಳು ನಿಜವಾಗಿ ಒಳಗೆ ಹೋಗುತ್ತಾರೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆ (ನಾನೇ ಹೋಗಿ ನೋಡಿದೆ, ನೀವೂ ಯಾವ ಶಾಲೆಗೆ ಹೋದರೂ ಮೊದಲು ಇದನ್ನೇ ನೋಡಿ). ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಪುಸ್ತಕ ಉಚಿತ. ಅರ್ಧ ಅಂಕ ಕಡಿಮೆ ಮಾಡಿದ್ದು ಮೈದಾನ ಇಲ್ಲದ್ದಕ್ಕೆ.

ಇಂಥ ಶಾಲೆ ಇದ್ದರೆ ಎಲ್ಲರಿಗೂ ಬೇಕಾಗುತ್ತದೆ, ಅಲ್ವಾ? ಜಗಳ ಶುರುವಾಗಿದ್ದೇ ಅಲ್ಲಿ.

ಹಿನ್ನೆಲೆ ಹೇಳುತ್ತೇನೆ. 2019-20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ ಶುರುವಾಯಿತು. ಆಗ ಒಂದನೇ ತರಗತಿಗೆ ಸೇರಿದ ಮಕ್ಕಳು 2026-27ಕ್ಕೆ ಎಂಟನೇ ತರಗತಿಗೆ ಬರುತ್ತಾರೆ. ನನ್ನ ಮಗಳು ಆ ಮೊದಲ ಬ್ಯಾಚು. ಏಳರವರೆಗೆ ಒಂದು ಶಾಲೆ, ಎಂಟಕ್ಕೆ ಬೇರೆ ಶಾಲೆ ಹುಡುಕಬೇಕು. ಈ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಇರುವುದು ಒಂದೇ ಸೆಕ್ಷನ್. ಸುತ್ತಲಿನ ಮೂರು ಪ್ರೈಮರಿ ಶಾಲೆಗಳ ಮಕ್ಕಳು ಬಾಗಿಲಲ್ಲಿ ನಿಂತಿದ್ದಾರೆ.

ಅಡ್ಮಿಷನ್ ನಡೆದ ರೀತಿಗೆ ಎರಡೇ ಅಂಕ. ನಾವು ಬಾಡಿಗೆ ಮನೆಯವರು. ಆಧಾರ್‌ನಲ್ಲಿ ಇನ್ನೂ ಸವಣೂರು ತಾಲೂಕಿನ ಊರಿನ ವಿಳಾಸ ಇದೆ. ಮೊದಲ ದಿನ ಕಚೇರಿಯಲ್ಲಿ ಅದನ್ನು ನೋಡಿ ವಾಪಸ್ ಕಳಿಸಿದರು. ಎರಡನೇ ದಿನ ಮನೆ ಮಾಲೀಕರ ಕರೆಂಟ್ ಬಿಲ್ ಬೇಕು ಅಂದರು, ಮೂರನೇ ದಿನ ಟಿಸಿ ಬಂದಿಲ್ಲ ಅಂದರು. ಎರಡು ದಿನದ ಕೂಲಿ ಹೋಯಿತು, ಮಗಳ ಮುಖ ನೋಡಲಾಗಲಿಲ್ಲ. ಕಡೆಗೆ ಅವಳ ಹಳೆಯ ಶಾಲೆಯ ಹೆಡ್‌ಮಾಸ್ತರು ನನ್ನನ್ನು ಕೂರಿಸಿಕೊಂಡು ಹೇಳಿದರು: 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ಅಡ್ಮಿಷನ್ ನಿಲ್ಲಿಸುವ ಹಾಗಿಲ್ಲ, ಎಂಟನೇ ತರಗತಿವರೆಗೂ ಆ ಕಾಯ್ದೆ ಇದೆ. ನಾಲ್ಕನೇ ದಿನ ಅದನ್ನೇ ಹೇಳಿದೆ. ಜೋರು ಮಾಡಲಿಲ್ಲ, ಹೇಳಿದೆ ಅಷ್ಟೇ. ಸೇರಿಸಿಕೊಂಡರು.

ಆಮೇಲೆ ಪೋಷಕರ ಸಭೆ. ಅದಕ್ಕೇ ಒಂದು ಅಂಕ ಕೊಟ್ಟಿದ್ದು.

ಮುಂದಿನ ವರ್ಷದಿಂದ ವಾರ್ಡ್ ಗಡಿ ನೋಡಿ ಮಕ್ಕಳನ್ನು ತೆಗೆದುಕೊಳ್ಳೋಣ, ಈ ವಾರ್ಡಿನವರಿಗೆ ಮೊದಲು, ಉಳಿದವರಿಗೆ ರೈಲ್ವೆ ಹಳಿ ಆಚೆಯ ಹೈಸ್ಕೂಲು ಅಂತ ಒಬ್ಬರು ಪ್ರಸ್ತಾಪ ಇಟ್ಟರು. ಅರ್ಧ ಜನ ಕೈ ಎತ್ತಿದರು, ಅರ್ಧ ಜನ ಎದ್ದು ನಿಂತರು. ಒಬ್ಬ ತಾಯಿ ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮ ಮನಿ ಎದುರಿಗೇ ಸಾಲಿ ಐತ್ರಿ, ನನ್ನ ಮಗಗ ಅದರಾಗ ಜಾಗ ಇಲ್ಲಂದ್ರ ಹೆಂಗ್ರಿ?" ಅಂದರು. ಅವರ ಮಾತು ತಪ್ಪಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೆ ಹಿಂದಿನ ಬೆಂಚಿನಿಂದ ಇನ್ನೊಬ್ಬರು, ಆ ಕಡೆಯ ಹುಡುಗರು ಬಂದರೆ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬೀಳುತ್ತದೆ ಅಂದರಲ್ಲ, ಅದು ಎದೆಗೆ ನಾಟಿತು. ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಪ್ರವೇಶ ಪರೀಕ್ಷೆ ಇಡೋಣ ಅಂತಲೂ ಒಂದು ಸಲಹೆ ಬಂತು, ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಅದಕ್ಕೆ ಅವಕಾಶ ಇಲ್ಲ ಅಂತ ಈ ಹೈಸ್ಕೂಲಿನ ಹೆಡ್‌ಮಾಸ್ತರೇ ಅಲ್ಲೇ ನಿಲ್ಲಿಸಿದರು. ಒಳ್ಳೆಯದಾಯಿತು.

ವಾರ್ಡ್ ಗಡಿ ಯಾಕೆ ಬೇಡ ಅಂತ ಸಭೆಯಲ್ಲಿ ನನಗೆ ಸರಿಯಾಗಿ ಹೇಳಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ. 2021ರ ಮಹಾನಗರ ಪಾಲಿಕೆ ಚುನಾವಣೆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ 67 ವಾರ್ಡುಗಳು 82 ಆದವು. ನಮ್ಮ ಓಣಿ ಆಗಲೇ ಒಂದು ವಾರ್ಡಿನಿಂದ ಇನ್ನೊಂದಕ್ಕೆ ಹೋಯಿತು. ಆ ಗೆರೆ ಎಳೆದಿದ್ದು ಜನಸಂಖ್ಯೆ ಲೆಕ್ಕದ ಮೇಲೆ, ಮತ ಹಾಕುವುದಕ್ಕೆ. ಮಗು ಯಾವ ದಾರಿಯಲ್ಲಿ ನಡೆದು ಶಾಲೆಗೆ ಹೋಗುತ್ತದೆ ಅಂತ ಯಾರೂ ಆಗ ನೋಡಿಲ್ಲ, ನೋಡುವ ಕೆಲಸವೂ ಅದಾಗಿರಲಿಲ್ಲ. ಮುಂದೆ ಮತ್ತೆ ವಾರ್ಡು ಬದಲಾದರೆ ಒಂದೇ ಮನೆಯ ಅಕ್ಕ ಒಂದು ಶಾಲೆ, ತಮ್ಮ ಇನ್ನೊಂದು ಶಾಲೆ ಆಗಬೇಕಾ?

ಹಳಿ ಆಚೆಯ ಶಾಲೆ ಮೊಬೈಲ್ ಮ್ಯಾಪಿನಲ್ಲಿ ನೋಡಿದರೆ ನಮಗೆ ಇನ್ನೂ ಹತ್ತಿರ. ಆದರೆ ನಡುವೆ ರೈಲ್ವೆ ಹಳಿ ಇದೆ. ಅಂಡರ್‌ಬ್ರಿಡ್ಜ್ ಸುತ್ತಿ ಹೋದರೆ ಹತ್ತಿರ ಹತ್ತಿರ ಮೂರು ಕಿಲೋಮೀಟರ್. ಜೋರು ಮಳೆ ಬಂದರೆ ಅದರಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಆಗ ಮಕ್ಕಳು ಏನು ಮಾಡುತ್ತಾರೆ? ಹಳಿ ದಾಟುತ್ತಾರೆ. ಹುಬ್ಬಳ್ಳಿಯಲ್ಲಿ ಎಷ್ಟು ಗಾಡಿ ಓಡಾಡುತ್ತವೆ ಅಂತ ನಿಮಗೆ ಹೇಳಬೇಕಿಲ್ಲ. ಬಸ್ಸಿಗೆ ಹೋಗಬೇಕೆಂದರೆ ಸಿಬಿಟಿಗೆ (ಸಿಟಿ ಬಸ್ ನಿಲ್ದಾಣಕ್ಕೆ) ಹೋಗಿ ಬಸ್ ಬದಲಿಸಬೇಕು. ಶಕ್ತಿ ಯೋಜನೆ ಬಂದ ಮೇಲೆ ಮಗಳಿಗೆ ಟಿಕೆಟ್ ಖರ್ಚಿಲ್ಲ ನಿಜ, ಆದರೆ ಚಳಿಗಾಲದಲ್ಲಿ ಕತ್ತಲಾಗುವ ಹೊತ್ತಿಗೆ ಹನ್ನೆರಡು-ಹದಿಮೂರು ವರ್ಷದ ಹುಡುಗಿ ಎರಡು ಬಸ್ ಹತ್ತಿ ಇಳಿದು ಮನೆಗೆ ಬರಬೇಕು. ಪಕ್ಕದ ಮನೆಯ ಹುಡುಗನಿಗೆ ಪಾಸಿನ ದುಡ್ಡು ಬೇರೆ. ಈಗಿನ ಶಾಲೆಗೆ ನಮ್ಮ ಮನೆಯಿಂದ ನಡೆದರೆ ಹದಿನೈದು ನಿಮಿಷ, ಒಂದೇ ಒಂದು ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಪೊಲೀಸರು ಇರುತ್ತಾರೆ.

ಆರರಿಂದ ಎಂಟನೇ ತರಗತಿವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬ ನಿಯಮ ಇದೆ. ಆ ಮೂರು ಕಿಲೋಮೀಟರನ್ನು ನಡೆಯುವ ದಾರಿಯಲ್ಲಿ ಅಳೆಯಿರಿ. ನಾನು ಕೇಳುವುದು ಇಷ್ಟೇ.

ಶಾಲೆ ಎದುರಿನ ಮನೆಯ ಆ ತಾಯಿಗೂ ನನಗೂ ಜಗಳ ಇಲ್ಲ. ಸಭೆ ಮುಗಿದ ಮೇಲೆ ಗೇಟಿನ ಹತ್ತಿರ ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಅವರ ಮಗನಿಗೂ ಜಾಗ ಬೇಕು, ನನ್ನ ಮಗಳಿಗೂ ಬೇಕು. ಬೇಕಾಗಿರುವುದು ಇನ್ನೊಂದು ಸೆಕ್ಷನ್ ಮತ್ತು ಅದಕ್ಕೆ ಶಿಕ್ಷಕರು. ಎಂಟನೇ ತರಗತಿಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಕಾಯ್ದೆಯೇ ಹೇಳುತ್ತದೆ. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಳೆಯ ಡೆಸ್ಕು ತುಂಬಿಕೊಂಡು ಸುಮ್ನೆ ಬಿದ್ದಿದೆ. ಇಬ್ಬರೂ ಸೇರಿ ಅರ್ಜಿ ಬರೆದು, ಎರಡೂ ಕಡೆಯವರ ಸಹಿ ಹಾಕಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟಿದ್ದೇವೆ. ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದಿದ್ದೇವೆ.

ಮುಂದಿನ ವರ್ಷ ಬರುವವರು ಶಾಲೆಯ ಬಗ್ಗೆ ಹೆದರಬೇಡಿ, ಧೈರ್ಯವಾಗಿ ಹಾಕಿ. ಬಾಡಿಗೆ ಮನೆಯವರಾದರೆ ಏಪ್ರಿಲ್‌ನಲ್ಲೇ ಆಧಾರ್ ವಿಳಾಸ ಬದಲಿಸಿಕೊಳ್ಳಿ, ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ನಂಬರ್) ಬರೆದಿಟ್ಟುಕೊಳ್ಳಿ, ಬಾಡಿಗೆ ಕರಾರು ಪತ್ರ ಜೊತೆಗಿರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇದ್ದರೆ ತಪ್ಪಿಸಬೇಡಿ, ಕೆಲಸ ಬಿಟ್ಟಾದರೂ ಹೋಗಿ. ನಮ್ಮ ಓಣಿಯಿಂದ ಆ ದಿನ ಬಂದಿದ್ದು ಆರೇ ಜನ.

ಗಡಿಯ ನಿರ್ಧಾರ ಇನ್ನೂ ಆಗಿಲ್ಲ. ಅದಕ್ಕೆ ಮುಂಚೆ ಒಂದು ಸಲ ನಮ್ಮ ಓಣಿಯಿಂದ ಹಳಿ ಆಚೆಯ ಶಾಲೆವರೆಗೆ ನಮ್ಮ ಜೊತೆ ನಡೆದು ನೋಡಿ ಅಂತ ಹೆಡ್‌ಮಾಸ್ತರನ್ನು ಕೇಳಿಕೊಂಡೆ, ಆಗಲಿ ಅಂದಿದ್ದಾರೆ. ಮಳೆ ಬಂದ ಮರುದಿನವೇ ಹೋಗೋಣ ಅಂತ ಹೇಳಿದ್ದೇನೆ.