ಹಳೆಯ ಪೋಲಿಷ್ ಸಿನಿಮಾಕ್ಕೆ ಯಾವ ದಾರಿ? ಡಿವಿಡಿ, ಚಂದಾ, ಯೂಟ್ಯೂಬ್, 35ಎಂಎಂ ಎಲ್ಲವನ್ನೂ ನೋಡಿದ ಮೇಲೆ

ಹಳೆಯ ಪೋಲಿಷ್ ಸಿನಿಮಾ ನೋಡುವ ಆಸೆ ಇದ್ದರೆ ಸೀದಾ 35ಎಂಎಂ ಡಾಟ್ ಆನ್‌ಲೈನ್ ಅನ್ನುವ ಸೈಟಿಗೆ ಹೋಗಿ. ಒಂದು ಪೈಸೆ ಕೊಡಬೇಕಾಗಿಲ್ಲ. ನಾನು ಅಲ್ಲಿಗೆ ಹೋಗಿದ್ದು ಒಂದು ಡಿವಿಡಿಗೆ 2,600 ರೂಪಾಯಿ ಕೊಟ್ಟು ಬೇಸರಪಟ್ಟ ಮೇಲೆ.

ಡಿವಿಡಿ ತರಿಸಿದ್ದು ಅಪ್ಪನಿಗಾಗಿ. ಅವರು ಕಾಲೇಜಿನಲ್ಲಿದ್ದಾಗ ಮೈಸೂರಿನ ಒಂದು ಫಿಲ್ಮ್ ಸೊಸೈಟಿಯಲ್ಲಿ ಆಂದ್ಜೇ ವಾಯ್ದಾ ಅವರ ‘ಆ್ಯಶಸ್ ಆ್ಯಂಡ್ ಡೈಮಂಡ್ಸ್’ ನೋಡಿದ್ದರು. 1958ರ ಸಿನಿಮಾ. ಯುರೋಪಿನಲ್ಲಿ ಯುದ್ಧ ಮುಗಿದ ದಿನ, ಒಂದು ಸಣ್ಣ ಊರಿನ ಹೋಟೆಲಿನಲ್ಲಿ ನಡೆಯುವ ಕಥೆ. ಮಾಚೆಕ್ ಅನ್ನುವ ಹುಡುಗ ಬಾರ್ ಕೌಂಟರಿನ ಮೇಲೆ ಸಾಲಾಗಿ ಗ್ಲಾಸುಗಳನ್ನಿಟ್ಟು ಮದ್ಯಕ್ಕೆ ಬೆಂಕಿ ಹಚ್ಚುತ್ತಾನೆ. ಸತ್ತ ಒಬ್ಬೊಬ್ಬ ಗೆಳೆಯನಿಗೆ ಒಂದೊಂದು ದೀಪ. ಅವರ ಹೆಸರುಗಳು ಒಂದೊಂದಾಗಿ ಕೇಳಿಬರುತ್ತವೆ. “ಆ ದೀಪಗಳನ್ನ ಇನ್ನೊಂದ್ಸಲ ನೋಡಬೇಕು ಕಣೋ” ಅಂತ ಅಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದರು.

ಡಿವಿಡಿ ಪೋಲೆಂಡಿನಿಂದ ಬಂತು. ಪ್ಲೇಯರ್ ಅದನ್ನು ಓದಲೇ ಇಲ್ಲ. ಡಿವಿಡಿಗಳಿಗೆ ಪ್ರದೇಶಕ್ಕೊಂದು ನಂಬರಿನ ಬೀಗ ಇರುತ್ತದೆ, ಅದಕ್ಕೆ ರೀಜನ್ ಅನ್ನುತ್ತಾರೆ; ಯುರೋಪಿನ ಡಿವಿಡಿಗಳದ್ದು ಎರಡನೇ ರೀಜನ್, ನಮ್ಮ ದೇಶದ್ದು ಐದನೆಯದು. ಕೊನೆಗೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ ಹಾಕಿದಾಗ ಓಡಿತು. ಆದರೆ ಇಂಗ್ಲಿಷ್ ಸಬ್‌ಟೈಟಲ್ ಇರಲಿಲ್ಲ. ಇದೆ ಎಂದು ಮಾರಿದವರು ಬರೆದಿದ್ದರು, ಪೆಟ್ಟಿಗೆಯ ಮೇಲೂ ಡಿಸ್ಕಿನಲ್ಲೂ ಇದ್ದದ್ದು ಪೋಲಿಷ್ ಮಾತ್ರ. ಸರಿ, ನೆಟ್‌ನಲ್ಲಿ ಹುಡುಕಿ ಒಂದು ಸಬ್‌ಟೈಟಲ್ ಫೈಲ್ ಇಳಿಸಿಕೊಂಡೆ.

ನಿಜವಾದ ತಲೆನೋವು ಶುರುವಾಗಿದ್ದು ಆಮೇಲೆ. ಮೊದಲ ಮಾತಿಗೆ ಸರಿಯಾಗಿ ಹೊಂದಿಸಿದೆ. ಹತ್ತು ನಿಮಿಷದಲ್ಲಿ ಅಕ್ಷರಗಳು ಹಿಂದೆ ಬಿದ್ದವು. ಮತ್ತೆ ಹೊಂದಿಸಿದೆ. ಮತ್ತೆ ಹಿಂದೆ ಬಿದ್ದವು. ಪಕ್ಕದಲ್ಲಿ ಅಪ್ಪ ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದರು. ದೀಪದ ದೃಶ್ಯ ಬಂತು, ಹೋಯಿತು. ಗ್ಲಾಸುಗಳು ಉರಿಯುವಾಗ ಪರದೆಯ ಮೇಲೆ ಯಾವುದೋ ಹಳೆಯ ಮಾತು. ಹೆಸರುಗಳು ಬರುವ ಹೊತ್ತಿಗೆ ದೃಶ್ಯವೇ ಮುಗಿದಿತ್ತು. “ಇರಲಿ ಬಿಡು” ಅಂದು ಅಪ್ಪ ಎದ್ದು ಹೋದರು. ನನಗೆ ತುಂಬಾ ನೋವಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಯುರೋಪಿನ ಹಳೆಯ ಟಿವಿ ಪದ್ಧತಿ, ಅಂದರೆ ಪಾಲ್, ಸೆಕೆಂಡಿಗೆ 25. ಎರಡನ್ನೂ ಹೊಂದಿಸಲು ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸಿ ಡಿವಿಡಿಗೆ ಇಳಿಸುತ್ತಾರೆ. 100 ನಿಮಿಷದ ಸಿನಿಮಾ 96 ನಿಮಿಷಕ್ಕೇ ಮುಗಿಯುತ್ತದೆ. ನನ್ನ ಸಬ್‌ಟೈಟಲ್ ಫೈಲ್ 24ರ ಲೆಕ್ಕದ್ದು. ಹಾಗಾಗಿ ನಿಮಿಷಕ್ಕೆ ಎರಡೂವರೆ ಸೆಕೆಂಡು ಹಿಂದೆ ಬೀಳುತ್ತಾ ಹೋಗುತ್ತದೆ. 40 ನಿಮಿಷಕ್ಕೆ 100 ಸೆಕೆಂಡು. ಹಿಂದೆ ಮುಂದೆ ಸರಿಸಿದರೆ ಇದು ಸರಿಹೋಗುವುದಿಲ್ಲ, ಇಡೀ ಫೈಲಿನ ವೇಗವನ್ನೇ ಬದಲಾಯಿಸಬೇಕು. ‘ಸಬ್‌ಟೈಟಲ್ ಎಡಿಟ್’ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಬದಲಿಸುವ ಸೌಲಭ್ಯ ಇದೆ. ನಿಮ್ಮ ಹತ್ತಿರ ಇಂಥ ಡಿವಿಡಿ ಇದ್ದರೆ ಮೊದಲು ಅದನ್ನು ಮಾಡಿ. ಇನ್ನೊಂದು ವಿಷಯ. ಜೋರಾಗಿ ಓಡಿಸಿದಾಗ ಶ್ರುತಿಯೂ ಏರುತ್ತದೆ, ಹತ್ತಿರ ಹತ್ತಿರ ಅರ್ಧ ಸ್ವರದಷ್ಟು. ಸಂಗೀತ ಕಲಿತ ಕಿವಿಗೆ ಇದು ಗೊತ್ತಾಗುತ್ತದೆ.

ಚಂದಾ ಕಟ್ಟುವ ಒಂದು ಆ್ಯಪನ್ನೂ ಎರಡು ತಿಂಗಳು ಇಟ್ಟುಕೊಂಡಿದ್ದೆ. ಪೋಲಿಷ್ ಸಿನಿಮಾ ನಾಲ್ಕು ಸಿಕ್ಕಿದವು. ಎರಡನೇ ತಿಂಗಳು ಅದರಲ್ಲಿ ಮೂರು ಇರಲಿಲ್ಲ. ಬಿಟ್ಟೆ.

ಇನ್ನು 35ಎಂಎಂ. ಇದನ್ನು ನಡೆಸುವುದು ವಾರ್ಸಾದ ಸರ್ಕಾರಿ ಫಿಲ್ಮ್ ಸ್ಟುಡಿಯೋ. ಕಾದ್ರ್, ತೋರ್, ಜೆಬ್ರಾ ಅನ್ನುವ ಹಳೆಯ ಸ್ಟುಡಿಯೋಗಳು 2019ರಲ್ಲಿ ಅದರ ಜೊತೆ ಸೇರಿದವು. ಐರೋಪ್ಯ ಒಕ್ಕೂಟದ ಹಣದ ನೆರವಿನಿಂದ ರೀಲುಗಳನ್ನು ಸ್ಕ್ಯಾನ್ ಮಾಡಿ, ಗೀರು ಕಲೆ ತೆಗೆದು ಇಟ್ಟಿದ್ದಾರೆ. ಸೈಟನ್ನು ಇಂಗ್ಲಿಷಿನಲ್ಲೂ ನೋಡಬಹುದು. ಬಹಳಷ್ಟು ಕಥಾಚಿತ್ರಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಇದೆ. ಮಾತು ಬಂದಾಗಲೇ ಅಕ್ಷರ ಬರುತ್ತದೆ. ನನಗೆ ಬೇಕಾಗಿದ್ದು ಇಷ್ಟೇ!

ಲ್ಯಾಪ್‌ಟಾಪಿನಿಂದ ಟಿವಿಗೆ ಕೇಬಲ್ ಹಾಕಿ ಅಪ್ಪನನ್ನು ಕೂರಿಸಿದೆ. ಕಪ್ಪು ಬಿಳುಪು ಎಷ್ಟು ಸ್ವಚ್ಛವಾಗಿತ್ತೆಂದರೆ, ಮಾಚೆಕ್ ಪಾತ್ರ ಮಾಡಿದ ತ್ಸಿಬುಲ್ಸ್ಕಿಯ ಕಪ್ಪು ಕನ್ನಡಕದಲ್ಲಿ ಬೆಳಕು ಹೊಳೆಯುವುದು ಕಾಣುತ್ತಿತ್ತು. ದೀಪದ ದೃಶ್ಯದಲ್ಲಿ ಅಪ್ಪ ಆ ಹೆಸರುಗಳನ್ನು ತಾವೇ ಮೆಲ್ಲಗೆ ಓದಿದರು. ಆ ಡಿವಿಡಿಯಲ್ಲಿ ನಮಗೆ ಸಿಗದೇ ಹೋಗಿದ್ದು ಇದೇ ಅಲ್ವಾ?

ಆಮೇಲೆ ಪ್ರತಿ ಶನಿವಾರ ಒಂದು. ಕವಾಲೆರೋವಿಚ್ ಅವರ ‘ನೈಟ್ ಟ್ರೇನ್’ (1959) ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬಾಲ್ಟಿಕ್ ತೀರಕ್ಕೆ ಹೋಗುವ ರೈಲು, ಒಂದೇ ಬೋಗಿಯೊಳಗೆ ಹೆಚ್ಚುಕಮ್ಮಿ ಇಡೀ ಸಿನಿಮಾ, ಮಾತಿಲ್ಲದ ಹಾಡು ಹಿಂದಿನಿಂದ ಬರುತ್ತಲೇ ಇರುತ್ತದೆ. ರಾತ್ರಿ ರೈಲಿನಲ್ಲಿ ನಿದ್ದೆ ಬಾರದೆ ಕೂತವರಿಗೆಲ್ಲ ಅದು ಸೀದಾ ಎದೆಗೆ ತಾಗುತ್ತದೆ. ಕಿಶ್ಲೋವ್ಸ್ಕಿಯವರ ‘ಕ್ಯಾಮೆರಾ ಬಫ್’ (1979) ಅಪ್ಪನ ಆಯ್ಕೆ. ಹುಟ್ಟಲಿರುವ ಮಗುವನ್ನು ಚಿತ್ರಿಸಲು 8 ಎಂಎಂ ಕ್ಯಾಮೆರಾ ಕೊಂಡವನ ಬದುಕೇ ಬದಲಾಗಿಬಿಡುತ್ತದೆ.

ಯೂಟ್ಯೂಬಿನಲ್ಲಿ ಕಾದ್ರ್ ಮತ್ತು ತೋರ್ ಸ್ಟುಡಿಯೋಗಳ ಸ್ವಂತ ಚಾನೆಲ್‌ಗಳಿವೆ. ಟಿವಿಯಲ್ಲೇ ನೋಡಬಹುದು, ಕೇಬಲ್ ಬೇಡ. ಕೇಬಲ್ ಎಂದರೆ ಬೇಜಾರು ಅನ್ನುವವರಿಗೆ ಇದೇ ಸುಲಭ. ಆದರೆ ಸಿನಿಮಾಗಳ ಸಂಖ್ಯೆ ಕಮ್ಮಿ. ಯಾರ್ಯಾರೋ ಹಾಕಿದ ಕಾಪಿಗಳನ್ನು ಮಾತ್ರ ಸುಮ್ನೆ ಮುಟ್ಟಬೇಡಿ. ಚೌಕಾಕಾರದ ಹಳೆಯ ಚಿತ್ರವನ್ನು ಅಗಲಕ್ಕೆ ಎಳೆದು ಮುಖಗಳೆಲ್ಲ ಚಪ್ಪಟೆಯಾಗಿರುತ್ತವೆ. ಹುಡುಕುವಾಗ ಪೋಲಿಷ್ ಹೆಸರನ್ನೇ ಹಾಕಿ. ‘ನೈಟ್ ಟ್ರೇನ್’ ಬದಲು ‘ಪೊಚೋಂಗ್’ ಎಂಬುದರ ಪೋಲಿಷ್ ಅಕ್ಷರಗಳನ್ನು (Pociąg) ನಕಲು ಮಾಡಿ ಹಾಕಿದರೆ ಸ್ಟುಡಿಯೋದ್ದೇ ಪ್ರತಿ ಬೇಗ ಸಿಗುತ್ತದೆ.

ನಿನಾತೆಕಾ ಅನ್ನುವ ಇನ್ನೊಂದು ಉಚಿತ ಸೈಟಿದೆ. ಸಾಕ್ಷ್ಯಚಿತ್ರ, ಕಿರುಚಿತ್ರ ಜಾಸ್ತಿ. ಪೋಲಿಷ್ ಬರುವವರಿಗೆ ಅದು ದೊಡ್ಡ ಖಜಾನೆ.

ನಮ್ಮ ಮನೆಯಲ್ಲಿ ವಾರಕ್ಕೆ ಒಂದೇ ಸಿನಿಮಾ, ಅದಕ್ಕೆ ತಿಂಗಳ ಚಂದಾ ದಂಡ. ದಿನಾ ನೋಡುವವರ ಲೆಕ್ಕ ಬೇರೆ ಇರಬಹುದು. ಈ ಶನಿವಾರ ಹಾಸ್ ಅವರ ‘ಸರಗೋಸಾ ಮ್ಯಾನುಸ್ಕ್ರಿಪ್ಟ್’. ಮೂರು ಗಂಟೆಯ ಸಿನಿಮಾ, ಕಥೆಯೊಳಗೆ ಕಥೆ. ಎರಡು ರಾತ್ರಿಗೆ ಹಂಚಿಕೊಂಡು ನೋಡೋಣ ಅಂದೆ. ಅಪ್ಪ ಒಪ್ಪಲಿಲ್ಲ. ಏಳು ಗಂಟೆಗೇ ಊಟ ಮುಗಿಸಿ ಕೂರೋಣ ಅಂದಿದ್ದಾರೆ.